ಹಗ್ಗ ಹರಿದರೂ ಲಿಫ್ಟ್ ಬೀಳದು, ಹೇಗೆ?

ನಮ್ಮ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಅಜ್ಜಿ ಎರಡು ವಾರದಿಂದ ಲಿಫ್ಟ್ ಹತ್ತಿಲ್ಲ. ಮೊಣಕಾಲು ಹಿಡಿದುಕೊಂಡು, ಮಹಡಿಗೊಮ್ಮೆ ಮೆಟ್ಟಿಲ ಮೇಲೆ ಕೂತು, ಕಾಯಿಪಲ್ಲೆ ಚೀಲ ಪಕ್ಕಕ್ಕಿಟ್ಟು ದಣಿವಾರಿಸಿಕೊಂಡು ಏರುತ್ತಾರೆ. ಒಂದು ಮಧ್ಯಾಹ್ನ ಅವರು ಒಬ್ಬರೇ ಒಳಗಿದ್ದಾಗ ಎರಡು ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟ್ ‘ಢಮ್’ ಎಂದು ನಿಂತಿತ್ತು. ಅಂದಿನಿಂದ ಸಿಕ್ಕವರಿಗೆಲ್ಲ ಒಂದೇ ಪ್ರಶ್ನೆ: “ಹಗ್ಗ ಹರಿದಿದ್ರ ನನ್ನ ಗತಿ ಏನಿತ್ತಪ್ಪಾ?”

ಹೋದ ವಾರ ತಪಾಸಣೆಗೆ ಮೆಕ್ಯಾನಿಕ್ ಬಂದಾಗ ಆ ಪ್ರಶ್ನೆಯನ್ನು ಅವರ ಮುಂದಿಟ್ಟೆ. “ಬರ್ರಿ ಮ್ಯಾಲ, ಮಾಡೇ ತೋರಸ್ತೀನಿ” ಎಂದರು. ಸೇಡಂ ರಸ್ತೆಯ ಈ ಐದು ಮಹಡಿ ಕಟ್ಟಡದ ಮಾಳಿಗೆ ಮೇಲಿನ ಮೋಟರ್ ಕೋಣೆ ಕಲಬುರಗಿ ಬಿಸಿಲಿಗೆ ಕಾದ ಹಂಚಾಗಿತ್ತು. ಅಲ್ಲಿ ಎರಡು ತಾಸು ನಿಂತು ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕೈ ಹಾಕಿ ಮಾಡುವ ಕೆಲಸ ಅವರದು. ಯಾವುದು ಏನು ಎಂದು ತಿಳಿದು ಸರಿಯಾದ ಪ್ರಶ್ನೆ ಕೇಳುವುದು ನಮ್ಮದು.

ಮೊದಲು ಹಗ್ಗದ ಲೆಕ್ಕ

ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಲಿಫ್ಟು ಒಂದೇ ಹಗ್ಗಕ್ಕೆ ಜೋತುಬಿದ್ದಿದೆ ಎಂದು ನಾನೂ ಅಂದುಕೊಂಡಿದ್ದೆ. ಎಣಿಸಿದರೆ ಕಿರುಬೆರಳ ದಪ್ಪದ ನಾಲ್ಕು ಉಕ್ಕಿನ ಹಗ್ಗಗಳಿದ್ದವು. ಮೂರು ಅಥವಾ ಹೆಚ್ಚು ಹಗ್ಗಗಳಿರುವ ಲಿಫ್ಟಿನಲ್ಲಿ, ಎಲ್ಲವೂ ಸೇರಿ ಹೊರಬೇಕಾದ ಭಾರದ 12 ಪಟ್ಟು ತಾಳುವಂತಿರಬೇಕು ಎಂಬುದು ವಿನ್ಯಾಸದ ಕಟ್ಟಳೆ. ನಾಲ್ಕರಲ್ಲಿ ಮೂರು ಹೋಗಿ ಒಂದೇ ಉಳಿದರೂ ಅದು ತುಂಬಿದ ಲಿಫ್ಟಿನ ಮೂರು ಪಟ್ಟು ಭಾರ ಹಿಡಿಯಬಲ್ಲದು. ಉಕ್ಕಿನ ಹಗ್ಗ ಸಾಮಾನ್ಯವಾಗಿ ಒಮ್ಮೆಲೇ ಹರಿಯುವುದೂ ಇಲ್ಲ. ಎಳೆ ಎಳೆಯಾಗಿ ಬಿಡುತ್ತದೆ, ಮುರಿದ ಎಳೆ ಮುಳ್ಳಿನಂತೆ ಹೊರಗೆ ಎದ್ದು ನಿಲ್ಲುತ್ತದೆ. ಲಿಫ್ಟ್ ನಿಲ್ಲಿಸಿ ಅರಿವೆಯಿಂದ ಹಗ್ಗ ಸವರಿದರೆ ಅರಿವೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನಮ್ಮದರಲ್ಲಿ ಸಿಕ್ಕಲಿಲ್ಲ.

ಇನ್ನು ಹಗ್ಗದ ಆಚೆ ತುದಿ. ಮೋಟರಿನ ಗಾಲಿಯಲ್ಲಿ ಕೊರೆದ ಜಾಡುಗಳ ಮೇಲೆ ಹಾಯ್ದು ಕೆಳಗಿಳಿದ ಹಗ್ಗಕ್ಕೆ ಅಲ್ಲಿ ಕೌಂಟರ್‌ವೇಟ್ ಎಂಬ ಕಬ್ಬಿಣದ ಗಟ್ಟಿಗಳ ಕಂತೆ ಕಟ್ಟಿರುತ್ತದೆ. ಖಾಲಿ ಲಿಫ್ಟಿನ ತೂಕ, ಅದರ ಮೇಲೆ ಪೂರ್ತಿ ಹೊರೆಯ ಶೇ 40ರಿಂದ 50ರಷ್ಟು: ಇಷ್ಟು ಅದರ ಭಾರ. ನಮ್ಮದು ಎಂಟು ಜನರದು. ಒಳಗಿನ ಫಲಕದಲ್ಲಿ 544 ಕೆ.ಜಿ. ಎಂದಿದೆ, ಅಂದರೆ ತಲೆಗೆ 68 ಕೆ.ಜಿ. ಅರ್ಧ ಹೊರೆಗೆ ತೂಗಿಸಿದ ತಕ್ಕಡಿಯಲ್ಲಿ ಒಂದು ತಟ್ಟೆಗೆ ಒಬ್ಬ ಅಜ್ಜಿ ಮಾತ್ರ ಕೂತರೆ ಆಚೆ ತಟ್ಟೆಯೇ 200 ಕೆ.ಜಿ. ಹೆಚ್ಚು ಭಾರ. ಹಗ್ಗ ಗಟ್ಟಿಯಿದ್ದು ಬ್ರೇಕ್ ಕೈಕೊಟ್ಟಿದ್ದರೆ ನಮ್ಮಜ್ಜಿ ಮೇಲಕ್ಕೆ ಬೀಳುತ್ತಿದ್ದರು! ನಗು ಬಂದರೂ ಇದು ನಗುವ ಮಾತಲ್ಲ. ಹಳೆಯ ಲಿಫ್ಟುಗಳ ಬಂದೋಬಸ್ತೆಲ್ಲ ಕೆಳಗೆ ಬೀಳುವುದಕ್ಕಷ್ಟೇ ಇತ್ತು. ಮೇಲ್ಮುಖವಾಗಿ ಓಡಿದರೂ ಹಿಡಿಯುವ ಸಾಧನ ಇರಲೇಬೇಕೆಂದು ಯುರೋಪಿನ ಮಾನಕ ಹೇಳಿದ್ದು 1998ರಲ್ಲಿ. ನಿಮ್ಮ ಲಿಫ್ಟ್ ಹಳೆಯದಿದ್ದರೆ ಮೆಕ್ಯಾನಿಕ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಆ ‘ಢಮ್’ ಸದ್ದು

ಲಿಫ್ಟಿನ ಬ್ರೇಕನ್ನು ಹಿಡಿಸುವುದು ಕರೆಂಟ್ ಎಂದುಕೊಂಡರೆ ತಪ್ಪು. ಕರೆಂಟ್ ಅದನ್ನು ಬಿಡಿಸುತ್ತದೆ. ದಪ್ಪ ಸ್ಪ್ರಿಂಗುಗಳು ಎರಡು ಬ್ರೇಕ್ ಶೂಗಳನ್ನು ಮೋಟರಿನ ಡ್ರಮ್ಮಿಗೆ ಸದಾ ಒತ್ತಿ ಹಿಡಿದಿರುತ್ತವೆ. ಲಿಫ್ಟ್ ಓಡುವಷ್ಟು ಹೊತ್ತು ವಿದ್ಯುತ್ಕಾಂತ ಅವನ್ನು ಅಗಲಿಸಿ ಹಿಡಿಯುತ್ತದೆ. ಕರೆಂಟ್ ಹೋಯಿತೋ, ಕಾಂತ ಸತ್ತಿತು, ಸ್ಪ್ರಿಂಗ್ ಬಡಿಯಿತು, ಲಿಫ್ಟ್ ನಿಂತಿತು. ಲಾರಿ ಓಡಿಸುವವರಿಗೆ ಹೊಸದಲ್ಲ ಇದು; ಗಾಳಿ ಖಾಲಿಯಾದರೆ ಲಾರಿಯ ಪಾರ್ಕಿಂಗ್ ಬ್ರೇಕ್ ಹಿಡಿದುಕೊಳ್ಳುವುದೂ ಸ್ಪ್ರಿಂಗಿನ ಬಲದಲ್ಲೇ.

ಅಜ್ಜಿ ಕೇಳಿದ ಢಮ್ ಅದೇ. ಆ ದಿನ ಓಣಿಯಲ್ಲೇ ಕರೆಂಟ್ ಹೋಗಿತ್ತು. ಅವರನ್ನು ಹೆದರಿಸಿದ ಸದ್ದು ಅವರನ್ನು ಹಿಡಿದುಕೊಂಡ ಸದ್ದಾಗಿತ್ತು. ಆಮೇಲೆ ಬ್ಯಾಟರಿಯಿಂದ ಹತ್ತಿರದ ಮಹಡಿಗೆ ಒಯ್ದು ಬಾಗಿಲು ತೆಗೆಯಬೇಕಿದ್ದ ಎಆರ್‌ಡಿ (ಆಟೊಮ್ಯಾಟಿಕ್ ರೆಸ್ಕ್ಯೂ ಡಿವೈಸ್) ಡಬ್ಬಿ ಮಾತ್ರ ಕೆಲಸ ಮಾಡಿರಲಿಲ್ಲ. ಅದರ ಬ್ಯಾಟರಿ ಸತ್ತು ಎಷ್ಟು ತಿಂಗಳಾಗಿತ್ತೋ, ನಮ್ಮ ಸಂಘದಲ್ಲಿ ಯಾರೂ ನೋಡಿರಲಿಲ್ಲ. ನಾನೂ ಆ ಸಂಘದ ಸದಸ್ಯನೇ.

ಗವರ್ನರ್ ಮತ್ತು ಬೆಣೆ

ಹಗ್ಗವೆಲ್ಲ ಹರಿದರೆ ಮೋಟರಿನ ಬ್ರೇಕಿನಿಂದ ಪ್ರಯೋಜನವಿಲ್ಲ. ಬ್ರೇಕ್ ಇರುವುದು ಮಾಳಿಗೆ ಮೇಲೆ, ಲಿಫ್ಟ್ ಅದರ ಸಂಬಂಧ ಕಡಿದುಕೊಂಡಿರುತ್ತದೆ. ಅಲ್ಲಿಂದ ಮುಂದೆ ಲಿಫ್ಟ್ ತನ್ನನ್ನು ತಾನೇ ಹಿಡಿದುಕೊಳ್ಳಬೇಕು. ಅದಕ್ಕೇ ಇರುವ ಜೋಡಿ, ವೇಗ ಕಾಯುವ ಗವರ್ನರ್ ಮತ್ತು ಬೆಣೆ ಹಿಡಿಸುವ ಸೇಫ್ಟಿ ಗೇರ್.

ಮೋಟರ್ ಕೋಣೆಯ ಮೂಲೆಯಲ್ಲಿ ಊಟದ ತಾಟಿನಷ್ಟು ಅಗಲದ ಗಾಲಿಯೊಂದಿತ್ತು, ಅದೇ ಗವರ್ನರ್. ಅದರ ಮೇಲೆ ಪೆನ್ಸಿಲ್‌ಗಿಂತ ತೆಳ್ಳಗಿನ ಐದನೆಯ ಹಗ್ಗ. ಇದು ಲಿಫ್ಟನ್ನು ಎತ್ತುವುದಿಲ್ಲ. ಲಿಫ್ಟಿನ ಚೌಕಟ್ಟಿಗೆ ಕಟ್ಟಿಸಿಕೊಂಡು ಅದರ ಜೊತೆ ಓಡಾಡುತ್ತದೆ, ಕೆಳಗೆ ಪಿಟ್ಟಿನಲ್ಲಿ, ಅಂದರೆ ಲಿಫ್ಟ್ ದಾರಿಯ ತಳದ ಗುಂಡಿಯಲ್ಲಿ, ಒಂದು ಭಾರ ಅದನ್ನು ಬಿಗಿಯಾಗಿಡುತ್ತದೆ. ಲಿಫ್ಟ್ ಎಷ್ಟು ವೇಗವೋ ಗಾಲಿಯೂ ಅಷ್ಟೇ ವೇಗ. ಗಾಲಿಯ ಮೈಮೇಲೆ ಸ್ಪ್ರಿಂಗ್ ಹಿಡಿದಿಟ್ಟ ಎರಡು ಕಬ್ಬಿಣದ ತುಂಡುಗಳಿವೆ. ಗಾಲಿ ಜೋರಾಗಿ ತಿರುಗಿದಷ್ಟೂ ಅವು ಹೊರಕ್ಕೆ ಸಿಡಿಯುತ್ತವೆ, ಹೊಲದಲ್ಲಿ ಕವಣೆ ಬೀಸುವಾಗ ಕಲ್ಲು ಹೊರಕ್ಕೆ ಜಗ್ಗುವ ಹಾಗೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರದ ವೇಗ ಕಾಯಲು ಇಟ್ಟದ್ದೂ ಇಂಥದ್ದೇ ತಿರುಗುವ ಗುಂಡುಗಳನ್ನು.

ವೇಗ ಮಿತಿ ಮೀರಿದಾಗ ಮೊದಲು ಒಂದು ಸ್ವಿಚ್ ಬಿದ್ದು ಮೋಟರಿಗೆ ಕರೆಂಟ್ ಕಡಿಯುತ್ತದೆ. ಅದಕ್ಕೂ ಬಗ್ಗದಿದ್ದರೆ, ನಿಗದಿತ ವೇಗದ ಕನಿಷ್ಠ ಶೇ 115ಕ್ಕೆ ತಲುಪಿದ ಮೇಲೆ ಗವರ್ನರಿನ ದವಡೆ ಕಚ್ಚಿ ಹಿಡಿದು ತೆಳು ಹಗ್ಗ ನಿಂತುಬಿಡುತ್ತದೆ. ಹಗ್ಗ ನಿಂತಿದೆ, ಲಿಫ್ಟ್ ಇಳಿಯುತ್ತಲೇ ಇದೆ. ಹಾಗಾಗಿ ಹಗ್ಗ ಲಿಫ್ಟಿನ ಸನ್ನೆಗೋಲೊಂದನ್ನು ಮೇಲಕ್ಕೆ ಜಗ್ಗುತ್ತದೆ. ಆ ಸನ್ನೆಗೋಲು ಲಿಫ್ಟಿನಡಿಯ ಉಕ್ಕಿನ ಬೆಣೆಗಳನ್ನು ಎರಡೂ ಬದಿಯ ಗೈಡ್ ರೇಲುಗಳಿಗೆ, ಅಂದರೆ ಲಿಫ್ಟ್ ಹಿಡಿದು ಓಡಾಡುವ ಕಂಬಿಗಳಿಗೆ, ತುರುಕುತ್ತದೆ.

ನಮ್ಮ ಕಡೆಯ ಜಾತ್ರೆಗಳಲ್ಲಿ ತೇರಿನ ಹತ್ತಿರ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಗ್ಗ ಹಿಡಿದವರು ಸಾವಿರ ಮಂದಿ ಇರಲಿ, ತೇರು ನಿಲ್ಲಿಸುವವರು ಗಾಲಿಯ ಬದಿ ಮರದ ತುಂಡು ಹಿಡಿದು ಓಡುವ ನಾಲ್ಕು ಜನ. ತುಂಡು ಗಾಲಿಯಡಿ ಸಿಕ್ಕಿತೆಂದರೆ ತೇರಿನ ಭಾರವೇ ಅದನ್ನು ಒತ್ತಿ ಬಿಗಿಮಾಡುತ್ತದೆ. ಲಿಫ್ಟಿನ ಬೆಣೆಯದೂ ಅದೇ ಗುಣ. ಕೆಳಗೆ ಜಗ್ಗಿದಷ್ಟೂ ಬಿಗಿ. ಹೊರಗಿನ ಬಲ ಬೇಡ, ಕರೆಂಟ್ ಬೇಡ, ಬೀಳುವ ಭಾರವೇ ಬೀಳುವುದನ್ನು ತಡೆಯುತ್ತದೆ.

ಮೆಕ್ಯಾನಿಕ್ ಎಲ್ಲ ಮಹಡಿಗಳಲ್ಲಿ ‘ಲಿಫ್ಟ್ ಬಂದ್’ ಚೀಟಿ ಅಂಟಿಸಿ, ಒಳಗೆ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಪರೀಕ್ಷೆಯ ಮಟ್ಟಿಗೆ, ವೇಗ ಮೀರಿದರೆ ಕರೆಂಟ್ ಕಡಿಯುವ ಆ ಸ್ವಿಚ್ಚನ್ನು ಒಂದು ತುಂಡು ವೈರಿನಿಂದ ಬದಿಗಿರಿಸಿದರು. ಖಾಲಿ ಲಿಫ್ಟನ್ನು ಮೆಲ್ಲಗೆ ಕೆಳಗೆ ಓಡಿಸಿ ಬೆರಳಿನಿಂದ ದವಡೆಯನ್ನು ತಟ್ಟಿದರು. ‘ಟಕ್’. ತೆಳು ಹಗ್ಗ ನಿಂತಿತು. ಮರುಗಳಿಗೆ ಕೆಳಗಿನಿಂದ ಉಕ್ಕಿಗೆ ಉಕ್ಕು ಕಚ್ಚಿದ ಒಂದು ಕರ್ಕಶ ಸದ್ದು. ಮೋಟರ್ ಇನ್ನೂ ತಿರುಗುತ್ತಿತ್ತು, ಹಗ್ಗದಡಿ ಗಾಲಿ ಬರಿದೇ ಜಾರುತ್ತಿತ್ತು, ಲಿಫ್ಟ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. “ಈಗ ನಾಲ್ಕೂ ಹಗ್ಗ ಕಡೀರಿ, ಏನ್ ಆಗಲ್ರಿ” ಎಂದು ಮುಖ ಒರೆಸಿಕೊಂಡರು.

ಬೆಣೆ ಬಿಡಿಸಲು ಒಂದೇ ದಾರಿ, ಲಿಫ್ಟನ್ನು ಮೇಲಕ್ಕೆ ಎತ್ತುವುದು. ಎತ್ತಿದರು, ಬೆಣೆ ಜಾರಿ ಕೆಳಗಿಳಿಯಿತು. ರೇಲಿನ ಮೇಲೆ ಹಲ್ಲಿನ ಗುರುತಿನಂಥ ಹೊಳೆಯುವ ಗೆರೆಗಳು ಮೂಡಿದ್ದವು. ಅವನ್ನು ಅರದಿಂದ ತಿಕ್ಕಿದಾಗ ಉದುರಿದ ಪುಡಿ ಅಂಗೈ ಮೇಲೆ ಬೂದಿಯಷ್ಟು ನುಣ್ಣಗಿತ್ತು. ಕೊನೆಗೆ ಆ ತುಂಡು ವೈರನ್ನು ಕಿತ್ತು ನನಗೆ ತೋರಿಸಿ ಕಿಸೆಗೆ ಹಾಕಿಕೊಂಡರು. ಇದನ್ನು ನೀವೂ ಕೇಳಿ ನೋಡಬೇಕು. ಮರೆತು ಬಿಟ್ಟುಹೋದ ಅಂಥ ಒಂದು ವೈರ್ ಒಂದು ಕಾವಲನ್ನೇ ಕುರುಡು ಮಾಡುತ್ತದೆ.

ಎಷ್ಟು ಬಿದ್ದ ಮೇಲೆ ಹಿಡಿಯುತ್ತದೆ? ಸೆಕೆಂಡಿಗೆ 1 ಮೀಟರ್ ವೇಗದ ಲಿಫ್ಟಿನ ಗವರ್ನರ್ 1.5 ಮೀಟರಿಗೆ ಕಚ್ಚುತ್ತದೆ ಎಂದುಕೊಳ್ಳಿ. ನಿಂತಲ್ಲಿಂದ ಬಿದ್ದ ವಸ್ತುವಿಗೆ ಆ ವೇಗ ಬರಲು 12 ಸೆಂಟಿಮೀಟರ್ ಸಾಕು, ಒಂದು ಗೇಣೂ ಆಗಲಿಲ್ಲ. ದವಡೆ ಕಚ್ಚಿ ಬೆಣೆ ಕೂರಲು ಇನ್ನಷ್ಟು. ನಿಧಾನದ ಲಿಫ್ಟುಗಳಲ್ಲಿ ಬೆಣೆ ಒಮ್ಮೆಲೇ ಹಿಡಿಯುತ್ತದೆ, ಒಳಗಿದ್ದವರಿಗೆ ಒಳ್ಳೆಯ ಧಕ್ಕೆ ಬಡಿಯುತ್ತದೆ. ವೇಗದವುಗಳಲ್ಲಿ ಹಾಗೆ ಹಿಡಿದರೆ ಮಂದಿಯ ಕಾಲು ಮುರಿದೀತು. ಅದಕ್ಕೇ ಅಲ್ಲಿ ರೇಲಿನ ಮೇಲೆ ಉಜ್ಜುತ್ತ ಉಜ್ಜುತ್ತ ನಿಲ್ಲಿಸುವ ಬಗೆಯದು ಹಾಕಿರುತ್ತಾರೆ.

ಹಗ್ಗ ಕಡಿಸಿಕೊಂಡವರು

ಈ ಉಪಾಯಕ್ಕೆ ಹೆಸರು ತಂದವನು ಅಮೆರಿಕದ ಎಲಿಷಾ ಓಟಿಸ್. 1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ ಎತ್ತರದ ಹಲಗೆಯ ಮೇಲೆ ತಾನೇ ನಿಂತು, ಎಲ್ಲರೂ ನೋಡುತ್ತಿದ್ದಂತೆ ಅದರ ಹಗ್ಗ ಕಡಿಸಿದ. ಅವನದ್ದರಲ್ಲಿ ಗವರ್ನರ್ ಇರಲಿಲ್ಲ. ಹಗ್ಗದ ಬಿಗಿತಕ್ಕೆ ಬಾಗಿರುತ್ತಿದ್ದ ಬಂಡಿಯ ಸ್ಪ್ರಿಂಗ್, ಹಗ್ಗ ಸಡಿಲಾದ ಕೂಡಲೇ ನೆಟ್ಟಗಾಗಿ ಬದಿಯ ಹಲ್ಲುಪಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. 1857ರಲ್ಲಿ ಅದೇ ಊರಿನ ಬ್ರಾಡ್‌ವೇ ಬೀದಿಯ ಐದು ಮಹಡಿ ಅಂಗಡಿಯೊಂದರಲ್ಲಿ ಅವನ ಪ್ರಯಾಣಿಕರ ಲಿಫ್ಟ್ ಓಡಿತು. ನಮ್ಮ ಕಟ್ಟಡದಷ್ಟೇ ಎತ್ತರ ಅನ್ನಿ.

ಎಲ್ಲವೂ ಸೋತ ಪ್ರಸಂಗವೂ ಒಂದಿದೆ. 1945ರ ಜುಲೈ 28ರಂದು ಮಂಜಿನಲ್ಲಿ ದಾರಿ ತಪ್ಪಿದ ಬಿ-25 ಬಾಂಬರ್ ವಿಮಾನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಡಿಯಿತು. ಲಿಫ್ಟ್ ನಡೆಸುತ್ತಿದ್ದ ಬೆಟ್ಟಿ ಲೂ ಆಲಿವರ್ 75 ಮಹಡಿ ಕೆಳಕ್ಕೆ ಬಿದ್ದರು. ಎತ್ತುವ ಹಗ್ಗಗಳ ಜೊತೆ ಗವರ್ನರಿನ ತೆಳು ಹಗ್ಗವೂ ತುಂಡಾಗಿ, ಬೆಣೆಯನ್ನು ಎಬ್ಬಿಸುವವರೇ ಇಲ್ಲದಂತಾಗಿತ್ತು. ಆದರೂ ಅವರು ಬದುಕಿದರು. ಕೆಳಗೆ ಸುರುಳಿಯಾಗಿ ಬಿದ್ದ ಹಗ್ಗದ ರಾಶಿ ಮೆತ್ತೆಯಂತಾಗಿದ್ದೂ ಒಂದು ಕಾರಣ ಎನ್ನುತ್ತಾರೆ.

ಪಿಟ್ಟಿನಲ್ಲಿರುವ ಬಫರ್ ಆ ಮೆತ್ತೆಯ ಅಧಿಕೃತ ರೂಪ, ನಿಧಾನದ ಲಿಫ್ಟಿಗೆ ಸ್ಪ್ರಿಂಗ್, ವೇಗದ್ದಕ್ಕೆ ಎಣ್ಣೆಯದು. ಕೊನೇ ಮಹಡಿ ದಾಟಿ ತುಸು ಹೋದರೆ ಕರೆಂಟ್ ಕಡಿಯುವ ಲಿಮಿಟ್ ಸ್ವಿಚ್ಚುಗಳೂ ಇವೆ. ಬೀಳುವಾಗ ಕೊನೇ ಗಳಿಗೆಗೆ ಜಿಗಿದರೆ ಬಚಾವ್ ಎಂಬುದು ಮಾತ್ರ ಹರಟೆಕಟ್ಟೆಯ ಲೆಕ್ಕ. 15 ಮೀಟರ್ ಬಿದ್ದರೆ ವೇಗ ಗಂಟೆಗೆ 60 ಕಿ.ಮೀ. ದಾಟುತ್ತದೆ, ಜಿಗಿದು ಅದರಲ್ಲಿ ಹತ್ತು ಕಳೆಯಬಹುದು.

ಹಾಗಾದರೆ ನಾವು ನೋಡಬೇಕಾದ್ದು

ಪಿಟ್ಟಿನಿಂದ ಶುರುಮಾಡಿ. ಮಳೆಗಾಲದಲ್ಲಿ ಎರೆಮಣ್ಣಿನ ನೆಲದ ನೀರು ಅಲ್ಲಿಗೆ ಜಿನುಗಿ ನಿಂತರೆ ಬಫರ್ ಮತ್ತು ಗವರ್ನರ್ ಹಗ್ಗದ ಭಾರ ತುಕ್ಕು ಹಿಡಿಯುತ್ತವೆ. ಮೋಟರ್ ಕೋಣೆಯ ಕಿಟಕಿಗೆ ಜಾಳಿಗೆ ಇದೆಯೇ ನೋಡಿ, ನಮ್ಮೂರಿನ ಧೂಳು ಗ್ರೀಸಿನ ಜೊತೆ ಬೆರೆತು ಗವರ್ನರಿನ ಕೀಲುಗಳಲ್ಲಿ ಅಂಟಾಗುತ್ತದೆ. ಗವರ್ನರಿನ ಮೇಲಿನ ಸೀಲು ಒಡೆದಿರಬಾರದು, ತೆಳು ಹಗ್ಗಕ್ಕೆ ಎಣ್ಣೆ ಬಳಿದಿರಬಾರದು, ದವಡೆಗೆ ಅದು ಜಾರಬಾರದಲ್ಲ. ಸೇಫ್ಟಿ ಗೇರ್ ಪರೀಕ್ಷೆ ಯಾವ ದಿನ ಮಾಡಿದರು ಎಂದು ಪುಸ್ತಕದಲ್ಲಿ ಬರೆಸಿಕೊಳ್ಳಿ. ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಕಾಯ್ದೆಯೇ ಇದೆ, ಅನುಮತಿ ಮತ್ತು ತಪಾಸಣೆ ವಿದ್ಯುತ್ ಪರಿವೀಕ್ಷಣಾಲಯದ ಕೆಲಸ.

ಮನೆ ಕೆಲಸ ನಡೆದಿದ್ದರೆ ಭಾರದ ಮೇಲೆ ಕಣ್ಣಿರಲಿ. ಎರಡಡಿ ಚೌಕ, ಒಂದೂವರೆ ಇಂಚು ದಪ್ಪದ ಶಹಾಬಾದ್ ಫರ್ಸಿ ಒಂದಕ್ಕೆ ಸುಮಾರು 36 ಕೆ.ಜಿ. ಹದಿನೈದು ಪೇರಿಸಿದರೆ ನಮ್ಮ ಲಿಫ್ಟ್ ಭರ್ತಿ, ಜೊತೆಗೆ ಗೌಂಡಿಯೂ ಹತ್ತುವ ಹಾಗಿಲ್ಲ. ಬಝರ್ ಕೂಗಿದಾಗ ಅದರ ವೈರ್ ಕಿತ್ತವರನ್ನು ನಾನು ಕಂಡಿದ್ದೇನೆ.

ಮೆಕ್ಯಾನಿಕ್ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಬಾಗಿಲುಗಳ ಹತ್ತಿರ. “ಲಿಫ್ಟ್ ಬಿದ್ದು ಸಾಯೋರು ಕಡಿಮಿರಿ, ಲಿಫ್ಟ್ ಇಲ್ಲದ ಖಾಲಿ ಜಾಗಕ್ಕ ಕಾಲಿಡೋರೇ ಜಾಸ್ತಿ” ಎಂದರು. ಲಿಫ್ಟ್ ಬಂದು ನಿಲ್ಲದ ಹೊರತು ಹೊರಬಾಗಿಲು ತೆರೆಯಬಾರದು, ಬಾಗಿಲ ಕೊಕ್ಕೆ ಕೂರದ ಹೊರತು ಲಿಫ್ಟ್ ಕದಲಬಾರದು. ಆ ಕೊಕ್ಕೆ ಸವೆದಿದ್ದರೆ ಹಗ್ಗ, ಬೆಣೆ, ಗವರ್ನರ್ ಯಾವುದೂ ನಿಮ್ಮನ್ನು ಕಾಯುವುದಿಲ್ಲ. ಬಾಗಿಲು ತೆರೆದಾಗ ಮೊಬೈಲಿನಿಂದ ಕಣ್ಣೆತ್ತಿ ನೆಲ ಇದೆಯೇ ನೋಡಿ. ನಡುವೆ ಸಿಕ್ಕಿಕೊಂಡರೆ ಬಾಗಿಲು ಸೀಳಿ ಹೊರಗೆ ಹಾರಬೇಡಿ. ಲಿಫ್ಟಿನಡಿ ಉಳಿಯುವ ಸಂದಿ ನೇರ ಪಿಟ್ಟಿಗೆ ದಾರಿ. ಅಲಾರಂ ಒತ್ತಿ, ಕೂತುಕೊಳ್ಳಿ.

ಹೊರಬಾಗಿಲನ್ನು ಹೊರಗಿನಿಂದ ತೆರೆಯಲು ಮುಮ್ಮೂಲೆಯ ಒಂದು ಕೀಲಿ ಇರುತ್ತದೆ, ಅದು ತರಬೇತಾದವರ ಕೈಯಲ್ಲಿ ಮಾತ್ರ ಇರಬೇಕು. ನಮ್ಮಲ್ಲಿ ಅದು ವಾಚ್‌ಮನ್ ಕುರ್ಚಿಯ ಹಿಂದಿನ ಮೊಳೆಗೆ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ, ಕೆಂಪು ದಾರದಲ್ಲಿ ತೂಗುತ್ತಿತ್ತು. ಮೆಕ್ಯಾನಿಕ್ ಅದನ್ನು ಬಿಚ್ಚಿ ನನ್ನ ಕೈಗಿಟ್ಟರು. ಮೊಳೆಗೆ ಈಗ ದಾರ ಮಾತ್ರ ಉಳಿದಿದೆ.