ಹಂದಿ ಬುರುಡೆಯ ಜಿಡ್ಡು ಬಿಡಿಸಿದ್ದು

ಬೆಳ್ಳಗೆ ಮಾಡಿಟ್ಟಿದ್ದ ಹಂದಿ ಬುರುಡೆ ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹಳದಿಯಾಯಿತು. ದವಡೆ ಮುಟ್ಟಿದರೆ ಅಂಟು, ಜೊತೆಗೆ ಕಮಟು ವಾಸನೆ. ಇದು ಕೊಳೆಯಲ್ಲ, ಮೂಳೆಯೊಳಗಿನ ಕೊಬ್ಬು ಹೊರಗೆ ಜಿನುಗುವುದು. ಹಂದಿಯಲ್ಲಿ ಇದರ ಕಾಟ ಜಾಸ್ತಿ. (ಸಾಕಿದ ಹಂದಿ ಮಾರಾಯ್ರೇ! ಕಾಡುಪ್ರಾಣಿಯದ್ದಾದರೆ 1972ರ ವನ್ಯಜೀವಿ ಕಾಯ್ದೆ ಇದೆ.)

ಬಕೆಟ್ಟಿನಲ್ಲಿ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬುರುಡೆ ಮುಳುಗಿಸಿದೆ. ಅಕ್ವೇರಿಯಂ ಹೀಟರ್ ಇಟ್ಟಿದ್ದರಿಂದ ನೀರು ಬೆಚ್ಚಗೇ ಇತ್ತು. ಮೇಲೆ ಜಿಡ್ಡು ತೇಲಿದಾಗೆಲ್ಲ ನೀರು ಬದಲಿಸಿದೆ. ವಾರಗಟ್ಟಲೆ ಹಿಡಿಯಿತು. ನೀರು ತಿಳಿಯಾಗಿಯೇ ಉಳಿದ ಮೇಲೆ ನಿಲ್ಲಿಸಿದೆ. ಕುದಿಸಲಿಲ್ಲ, ಕುದಿಸಿದರೆ ಕೊಬ್ಬು ಮೂಳೆಗೇ ಇಳಿಯುತ್ತದೆ. ಬ್ಲೀಚಂತೂ ಬೇಡವೇ ಬೇಡ, ಮೂಳೆಯನ್ನೇ ತಿನ್ನುತ್ತದೆ.

ಕೊನೆಗೆ ಮತ್ತೆ ಬೆಳ್ಳಗಾಗಲೆಂದು 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ನೆನೆಸಿದೆ. ಮುಚ್ಚಳ ಬಿಗಿ ಮಾಡಬೇಡಿ, ಗ್ಯಾಸ್ ಬರುತ್ತದೆ. ಒಣಗಿದ ಮೇಲೆ ಉದುರಿದ ಹಲ್ಲುಗಳನ್ನು ಬಿಳಿ ಗೋಂದಿನಿಂದ ಕೂರಿಸಿದೆ.