ಹೊಸ ಫ್ಲೂ ಲಸಿಕೆ: ಹಾಕಿಸಿಕೊಳ್ಳೋದಾ, ಬೇಡವಾ?

ಹೊಸ ತಳಿಯ ಫ್ಲೂ ಬಂತು ಅಂದ ಕೂಡಲೇ ಎರಡು ಭಯ ಶುರುವಾಗುತ್ತವೆ. ಕಾಯಿಲೆಯದ್ದೊಂದು, ಲಸಿಕೆಯದ್ದೊಂದು. ಹೆಚ್ಚಿನವರು ಲಸಿಕೆಯ ಅಪಾಯವನ್ನಷ್ಟೇ ತೂಗುತ್ತಾರೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕಾಯಿಲೆಯ ಅಪಾಯವನ್ನೂ ಇಡಬೇಕಲ್ವಾ?

ಮೊದಲು, ಈ ತಳಿ ಯಾರನ್ನು ಜಾಸ್ತಿ ಕಾಡುತ್ತಿದೆ ನೋಡಿ. ಪ್ರತಿ ವರ್ಷದ ಫ್ಲೂ ಹೆಚ್ಚಾಗಿ ವಯಸ್ಸಾದವರ ಜೀವಕ್ಕೆ ಕುತ್ತು. 2009ರ ಹಂದಿಜ್ವರ, ಅಂದರೆ ಎಚ್1ಎನ್1 ಫ್ಲೂ, ಉಲ್ಟಾ ಹೊಡೆಯಿತು. ಮಕ್ಕಳು, ಯುವಕರು, ಗರ್ಭಿಣಿಯರೇ ಹೆಚ್ಚು ನರಳಿದರು. ಹಿರಿಯರಲ್ಲಿ ಹಲವರಿಗೆ ಅದನ್ನು ಹೋಲುವ ವೈರಸ್ ಚಿಕ್ಕಂದಿನಲ್ಲೇ ತಗುಲಿತ್ತು, ಆ ರಕ್ಷಣೆ ಸ್ವಲ್ಪ ಉಳಿದಿತ್ತು. ಹಾಗಾಗಿ 'ನಾನು ಗಟ್ಟಿಮುಟ್ಟಾಗಿದ್ದೀನಿ' ಅನ್ನೋದೊಂದೇ ಸಾಲದು.

ಆಮೇಲೆ ನಿಮ್ಮನ್ನೂ ಮನೆಯವರನ್ನೂ ನೋಡಿ. ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ಜಾಸ್ತಿ ಯೋಚಿಸುವುದು ಬೇಡ, ಹಾಕಿಸಿಕೊಳ್ಳುವ ಕಡೆಗೇ ವಾಲಿ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಕೊಡುವುದಿಲ್ಲ. ಅದಕ್ಕೆ ಸುತ್ತಲಿನವರೇ ಕಾವಲು. ಬಸುರಿಯಾಗಿದ್ದಾಗ ತಾಯಿ ಹಾಕಿಸಿಕೊಂಡರೆ ಮಗುವಿಗೂ ಸ್ವಲ್ಪ ರಕ್ಷಣೆ ಸಿಗುತ್ತದೆ.

ಇನ್ನು ಲಸಿಕೆಯ ಜಾತಕ. ಎಂದಿನ ಫ್ಲೂ ಲಸಿಕೆಯ ವಿಧಾನದಲ್ಲೇ ತಳಿ ಮಾತ್ರ ಬದಲಿಸಿ ಮಾಡಿದ್ದಾ, ಪೂರ್ತಿ ಹೊಸದಾ ಅಂತ ಕೇಳಿ. ಇಂಜೆಕ್ಷನ್‌ನಲ್ಲಿ ಬದುಕಿರುವ ಫ್ಲೂ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಮೂಗಿನ ಸ್ಪ್ರೇಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತದೆ. ಗರ್ಭಿಣಿಯರಿಗೆ ಅದು ಬೇಡ.

ಅಡ್ಡಪರಿಣಾಮ ಬರೀ ಗಾಳಿಮಾತು ಅಂತ ತಳ್ಳಿಹಾಕುವುದೂ ಸರಿಯಲ್ಲ. 1976ರಲ್ಲಿ ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನರಿಗೆ ಹಂದಿಜ್ವರದ ಲಸಿಕೆ ಹಾಕಿದರು. ಸುಮಾರು ಲಕ್ಷಕ್ಕೆ ಒಬ್ಬರಂತೆ ಗಿಯಾನ್ ಬಾರೆ ಎಂಬ ನರಗಳ ಕಾಯಿಲೆ ಹೆಚ್ಚಾಗಿ ಕಾಣಿಸಿತು. ಹೆದರಿದ್ದ ಸಾಂಕ್ರಾಮಿಕ ಮಾತ್ರ ಬರಲೇ ಇಲ್ಲ. ಅಭಿಯಾನ ನಿಂತಿತು. ಕಾಯಿಲೆಯೇ ಹರಡದಿದ್ದಾಗ ಅಷ್ಟು ಸಣ್ಣ ಅಪಾಯವೂ ದುಬಾರಿ. ಅದೇ ಫ್ಲೂ ಊರೂರು ಸುತ್ತುತ್ತಿದ್ದರೆ ಲೆಕ್ಕ ತಿರುಗುತ್ತದೆ. ಹಾಗಾಗಿ ಸುದ್ದಿಯ ಸದ್ದು ನೋಡಬೇಡಿ, ಎಷ್ಟು ಜನ ಆಸ್ಪತ್ರೆ ಸೇರುತ್ತಿದ್ದಾರೆ ಅನ್ನುವ ಆರೋಗ್ಯ ಇಲಾಖೆಯ ಅಂಕಿ ನೋಡಿ.

ಹಾಕಿಸಿಕೊಳ್ಳೋಣ ಅಂತಾದರೆ ತಡಮಾಡಬೇಡಿ, ರಕ್ಷಣೆ ಕೂಡಲು ಸುಮಾರು ಎರಡು ವಾರ ಬೇಕು. ಚಿಕ್ಕ ಮಕ್ಕಳಿಗೆ ಮೊದಲ ಸಲ ಎರಡು ಡೋಸ್ ಬೇಕಾಗಬಹುದು. ಹಿಂದೆ ಯಾವುದೇ ಲಸಿಕೆಗೆ ಉಸಿರು ಕಟ್ಟಿದ್ದರೆ, ಮುಖ ಊದಿದ್ದರೆ, ಗಿಯಾನ್ ಬಾರೆ ಬಂದಿದ್ದರೆ ಸೂಜಿ ಚುಚ್ಚುವ ಮೊದಲೇ ಹೇಳಿ. ಜೋರು ಜ್ವರವಿದ್ದರೆ ಇಳಿದ ಮೇಲೆ ಹೋಗಿ. ಚುಚ್ಚಿಸಿಕೊಂಡ ಮೇಲೆ ಹದಿನೈದು ನಿಮಿಷ ಅಲ್ಲೇ ಸುಮ್ನೆ ಕೂತಿರಿ. ತೋಳು ನೋವು, ಮೈ ಬೆಚ್ಚಗಾಗುವುದು ಒಂದೆರಡು ದಿನದ್ದು.

ಬೇಡ ಅಂತ ತೀರ್ಮಾನಿಸಿದವರೂ ಒಂದು ಗಮನಿಸಿ. ಒಸೆಲ್ಟಾಮಿವಿರ್‌ನಂಥ ಫ್ಲೂ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ. ನಾಳೆ ನೋಡೋಣ ಅಂತ ಕೂರದೆ ಜ್ವರ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ.