ಮಣ್ಣಿನೊಳಗೆ ಆಮ್ಲಜನಕ ಎಷ್ಟು ವೇಗವಾಗಿ ಹರಡುತ್ತದೆ: ಅಳೆಯುವ ಬಗೆ

5 ಸೆಂ.ಮೀ. ಎತ್ತರದ ಲೋಹದ ಉಂಗುರದಲ್ಲಿ ಕದಡದ ಮಣ್ಣು, ಅದರಡಿ ಅಷ್ಟೇ ಅಗಲದ 10 ಸೆಂ.ಮೀ. ಎತ್ತರದ ಕೋಣೆ, ಒಳಗೆ ಆಕ್ಸಿಜನ್ ಸೆನ್ಸರ್, ನಡುವೆ ಜಾರುವ ಮುಚ್ಚಳ. ಇಷ್ಟು ಸಾಕು.

ಮೊದಲು ಮಣ್ಣಿನ ಜಾಗದಲ್ಲಿ ಗಟ್ಟಿ ತಗಡಿಟ್ಟು ಸೋರಿಕೆ ನೋಡಿ. ಇದನ್ನು ಬಿಟ್ಟವರ ಅಂಕಿಯನ್ನು ನಂಬಬೇಡಿ. ಕೀಲುಗಳಿಗೆ ಗ್ರೀಸ್ ಹಚ್ಚಿ. ಬಳಿಕ ಮಣ್ಣಿನ ಉಂಗುರ ಕೂರಿಸಿ, ಮುಚ್ಚಳ ಹಾಕಿ. ಒಳಗಿನ ಆಕ್ಸಿಜನ್ ಹೊರಹೋಗುವಂತೆ ಕೋಣೆಗೆ ನೈಟ್ರೋಜನ್ ನಿಧಾನವಾಗಿ ಹಾಯಿಸಿ, ಒಳಗಿನ ಒತ್ತಡ ಹೊರಗಿನಷ್ಟೇ ಆದ ಮೇಲೆ ಹೊರಕಿಂಡಿ ಮುಚ್ಚಿ. ಒತ್ತಡ ಉಳಿದರೆ ನೀವು ಅಳೆಯುವುದು ವಿಸರಣವಲ್ಲ (ಅನಿಲ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ತಾನಾಗಿ ಹರಡುವುದು), ಒತ್ತಡದಿಂದಾದ ಗಾಳಿಯ ಹರಿವು. ಮುಚ್ಚಳ ಸರಿಸಿ, ನಿಮಿಷಕ್ಕೊಮ್ಮೆ ಆಕ್ಸಿಜನ್ ಬರೆದುಕೊಳ್ಳಿ.

ಹೊರಗಿನ 20.9 ಶೇಕಡಾದಿಂದ ಕೋಣೆಯ ಅಂಕಿ ಕಳೆದು, ಅದರ ನೈಸರ್ಗಿಕ ಲಾಗರಿದಮ್ ಅನ್ನು ಸಮಯದೆದುರು ಗುರುತಿಸಿ. ಆರಂಭದ ಬಾಗಿದ ಭಾಗ ಬಿಡಿ. ಉಳಿದ ನೇರ ಗೆರೆಯ ಇಳಿಜಾರನ್ನು ಕೋಣೆಯ ಎತ್ತರ ಮತ್ತು ಮಣ್ಣಿನ ಎತ್ತರದಿಂದ ಗುಣಿಸಿದರೆ ವಿಸರಣ ಗುಣಾಂಕ, ಅಂದರೆ ಹರಡುವ ವೇಗದ ಅಳತೆ, ಸಿಗುತ್ತದೆ. ಇಳಿಜಾರು ಸೆಕೆಂಡಿಗೆ 0.0004 ಇದ್ದರೆ, 0.0004 × 10 × 5 = 0.02 ಚ.ಸೆಂ.ಮೀ./ಸೆಕೆಂಡ್. ಬಯಲು ಗಾಳಿಯಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಈ ಗುಣಾಂಕ ಸುಮಾರು 0.2, ಅಂದರೆ ಮಣ್ಣಿನಲ್ಲಿ ಅದರ ಹತ್ತನೇ ಒಂದು ಪಾಲು. ಮಣ್ಣಿನ ರಂಧ್ರಗಳಲ್ಲಿರುವ ಗಾಳಿ ಕೋಣೆಯ ಗಾಳಿಗಿಂತ ತೀರ ಕಡಿಮೆ ಇದ್ದಾಗ ಮಾತ್ರ ಈ ಸರಳ ಲೆಕ್ಕ ಸರಿ.

ಎರೆಮಣ್ಣು ಒಣಗಿದರೆ ಉಂಗುರದಿಂದ ಬಿಟ್ಟುಕೊಳ್ಳುತ್ತದೆ. ಆ ಸಂದಿನಲ್ಲಿ ಅನಿಲ ನುಸುಳಿ ಫಲಿತಾಂಶ ವಿಪರೀತ ಏರುತ್ತದೆ. ಅಂಚಿಗೆ ಕರಗಿಸಿದ ಮೇಣ ಸುರಿಯಿರಿ. ಒದ್ದೆ ಮಣ್ಣಲ್ಲಿ ತದ್ವಿರುದ್ಧ: ಗಂಟೆಗಟ್ಟಲೆ ಇಟ್ಟರೆ ಸೂಕ್ಷ್ಮಜೀವಿಗಳೇ ಆಮ್ಲಜನಕ ತಿನ್ನುತ್ತವೆ, ಅಂಕಿ ಕುಗ್ಗುತ್ತದೆ.